ದಡಕ್ಕೆ ಬಂದವನು

"ಸರಿಯಾಗಿ ನೋಡಿ ಹೇಳು. ಯಾರಿವನು?"

ಬೆಳಗಿನಿಂದ ಪಹರೆಯ ತುಲ್ಲಿಯೊ ಕೇಳುತ್ತಿದ್ದುದು ಇದೊಂದೇ ಪ್ರಶ್ನೆ. ಮರಳಿನ ಮೇಲೆ ಹೆಣ ಅಂಗಾತ ಬಿದ್ದಿತ್ತು. ಸ್ಕಾಲ್ವೊ ಊರಿಗೆ ಊರೇ ಸಾಲಾಗಿ ಬಂದು ಮುಖ ನೋಡಿ ಹೋಗಬೇಕು; ಬ್ಯಾರನ್ ಧಣಿಯ ಅಪ್ಪಣೆ. ಬಿರುಗಾಳಿಗೆ ಒಡೆದದ್ದು ಧಣಿಯ ಕೈ ತಪ್ಪಿಸಿ ಓಡುವ ಒಕ್ಕಲುಗಳನ್ನು ಗುಟ್ಟಾಗಿ ಕಡಲಾಚೆಯ ಮೆಸ್ಸಿನಾಕ್ಕೆ ದಾಟಿಸುವ ದೋಣಿ. ಸತ್ತವನು ಈ ಊರಿನವನೆಂದು ತಿಳಿದರೆ, ಸಂಜೆಯೊಳಗೆ ಅವನ ಮನೆಯ ಸೂರು ಕೀಳಬೇಕು, ಮನೆಯವರನ್ನು ಬೆಟ್ಟದಾಚೆ ಅಟ್ಟಬೇಕು.

ಹೊಸ ಪಾರುಪತ್ಯಗಾರ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದ. ನೇಪಲ್ಸಿನಿಂದ ಮೊನ್ನೆಯಷ್ಟೇ ಬಂದವನಿಗೆ ಇಲ್ಲಿನ ಮುಖಗಳೆಲ್ಲ ಒಂದೇ.

ಜೋಡು ಹೊಲಿಯುವ ಬ್ಯಾಜಿಯೊ ಹೆಣಕ್ಕೊಂದು ಸುತ್ತು ಹಾಕಿದ. ಮೂಗು ಮುಚ್ಚಿದ ಪಾರುಪತ್ಯಗಾರನ ದನಿಯನ್ನೇ ಅಣಕಿಸುತ್ತ ಹೇಳಿದ: "ಇಷ್ಟು ಹೊತ್ತು ಬಾಯಿ ಮುಚ್ಕೊಂಡಿರೋರು ನಮ್ಮೂರಲ್ಲಿ ಯಾರಿದ್ದಾರೆ ಬುದ್ಧಿ? ಹೊರಗಿನವನೇ."

ಯಾರೂ ನಗಲಿಲ್ಲ.

ಬಲೆ ಹೆಣೆಯುವ ಪೊರ್ಜಿಯಾಳ ಸರದಿ ಬಂತು. ನೋಡಿದೊಡನೆ ಅವಳಿಗೆ ಗುರುತು ಸಿಕ್ಕಿತು. ಹುಬ್ಬಿನ ಮೇಲಿನ ಆ ಗೀರು ಹುಡುಗ ಏಳನೇ ವಯಸ್ಸಿನಲ್ಲಿ ಬಂಡೆಯಿಂದ ಜಾರಿದಾಗ ಆದದ್ದು. ಹುಳಿ ದ್ರಾಕ್ಷಾರಸದ ಬಟ್ಟೆ ಒತ್ತಿ ರಕ್ತ ನಿಲ್ಲಿಸಿದವಳು ಅವಳೇ. ಅತ್ತೂ ಅತ್ತೂ ಅವಳ ಮಡಿಲಲ್ಲೇ ನಿದ್ದೆಹೋಗಿದ್ದ.

"ಯಾರು?" ತುಲ್ಲಿಯೊ ಗದರಿದ. ಗದರುವಾಗ ಹೆಣದತ್ತ ಕಣ್ಣು ಹಾಯಿಸಲಿಲ್ಲ.

ಧಣಿಯ ಪಾಲಿನ ಮೀನು ಒಪ್ಪಿಸಲಿಲ್ಲವೆಂದು ಹೋದ ವರ್ಷ ಅವಳ ದೋಣಿಯನ್ನು ಕೊಡಲಿಯಿಂದ ಸೀಳಿದವನು ಈ ತುಲ್ಲಿಯೊನೇ. ಅಂದಿನಿಂದ ಅವಳು ಅವನ ಮುಖ ನೋಡಿರಲಿಲ್ಲ. ಈಗ ನೋಡಿದಳು. ಒಂದು ಹೆಸರು ಬಾಯಿಂದ ಜಾರಿದರೆ ಸಾಕು, ಒಂದು ಮನೆ ಮಣ್ಣು ಪಾಲು.

"ಗೊತ್ತಿಲ್ಲ," ಎಂದಳು.

ಪಾರುಪತ್ಯಗಾರ ಕರವಸ್ತ್ರ ಸರಿಸಿದ. "ಮತ್ತೆ ಕಣ್ಣಲ್ಲಿ ನೀರ್ಯಾಕಮ್ಮ?"

"ಯಾರೋ ಹೆತ್ತ ಕೂಸಲ್ವಾ ಬುದ್ಧಿ. ಹೆತ್ತವಳು ಇಲ್ಲಿಲ್ಲ. ಅವಳ ಪಾಲಿನ ಅಳು ನಾನು ಅಳ್ತಿದೀನಿ. ಅದಕ್ಕೂ ಧಣಿಗಳ ಪಾಲು ಕೊಡ್ಬೇಕಾ?"

ಸಾಲು ಮುಗಿಯಿತು. ಮುದುಕರು, ಬಸುರಿಯರು, ಪಾದ್ರಿ, ಯಾರ ಬಾಯಿಂದಲೂ ಹೆಸರು ಹೊರಡಲಿಲ್ಲ.

"ಪರದೇಶಿ. ಇಲ್ಲೇ ಹೂತುಬಿಡು," ಎಂದು ಪಾರುಪತ್ಯಗಾರ ಕುದುರೆ ಏರಿದ.

ಅವನು ದಿಬ್ಬದ ತಿರುವಿನಲ್ಲಿ ಮರೆಯಾಗುವವರೆಗೆ ಊರು ಮಿಸುಕಲಿಲ್ಲ.

ಆಮೇಲೆ ತುಲ್ಲಿಯೊ ಮರಳಿನಲ್ಲಿ ಕುಸಿದು, ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ.