ಮುಚ್ಚಳ ಹಾಕಿದ ಕ್ಯಾಮೆರಾ

ನುಸಿಗುಳಿಗೆಯ ವಾಸನೆ ಬಂದರೆ ಸಾಕು, ಇಂದಿಗೂ ನನಗೆ ಆ ಬಂಗಾಳಿ ಸಿನಿಮಾ ಕಂಪನಿಯ ಯಜಮಾನ ನೆನಪಾಗುತ್ತಾನೆ.

ಎಂಬತ್ತರ ದಶಕ. ಅವನು ಅಪ್ಪನ ಆಫೀಸಿನವರೊಬ್ಬರ ಭಾವ. ಕಲ್ಕತ್ತೆಯಿಂದ ಬಂದವನು ಅಮೆರಿಕದ ಪ್ಲೆಸೆಂಟನ್ ಊರಿನಲ್ಲಿದ್ದ ನಮ್ಮ ಮನೆಯ ಸೋಫಾದಲ್ಲಿ ಕಾಲಮೇಲೆ ಕಾಲು ಹಾಕಿ ಕುಳಿತು ಕಂಪನಿ ಬೆಳೆದ ಕಥೆ ಕೊಚ್ಚಿಕೊಂಡ: ಮೊದಲು ಬಾಡಿಗೆಯ ಒಂದು ಕೋಣೆ, ಆಮೇಲೆ ಸ್ವಂತ ಸ್ಟುಡಿಯೋ, ಈಗ ಅಮೆರಿಕದಲ್ಲೇ ಶೂಟಿಂಗು. ಅವನ ಅಮೆರಿಕವೆಂದರೆ ನಮ್ಮ ಮನೆಮುಂದಿನ ಹುಲ್ಲುಹಾಸು. ಅದಕ್ಕೆ ಬಾಡಿಗೆಯ ಬದಲು ಅಮ್ಮನಿಗೊಂದು ಪಾತ್ರ.

ಅಮ್ಮ ಪೆಟ್ಟಿಗೆಯಿಂದ ಮದುವೆಯ ರೇಷ್ಮೆ ಸೀರೆ ತೆಗೆದು ಉಟ್ಟಳು. ಬೀದಿಯ ತುಂಬ ನುಸಿಗುಳಿಗೆ ಘಮಘಮಿಸಿತು. ಮಧ್ಯಾಹ್ನವಿಡೀ ಬಿಸಿಲಲ್ಲಿ ನಿಂತು ಅವಳು ನಾಯಕನಿಗೆ ಆರತಿ ಎತ್ತಿದಳು. ಯಜಮಾನ ಪ್ರತಿಸಲವೂ "ಬ್ಯೂಟಿಫುಲ್" ಎಂದ. ಕ್ಯಾಮೆರಾದ ಕಣ್ಣಿಗೆ ಮಾತ್ರ ಕರಿಮುಚ್ಚಳ ಹಾಗೇ ಇತ್ತು. ನಾಯಕನೊಬ್ಬನೇ ನಿಂತಾಗ ಅದನ್ನು ತೆಗೆಯುತ್ತಿದ್ದರು.

ಅಮ್ಮ ಕಾಫಿಗೆಂದು ಒಳಗೆ ಹೋದಾಗ ಅಪ್ಪ ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದರು: "ರೀಲು ದುಬಾರಿ ಅಂತೆ ಕಣೆ. ಮನೆ ಕೊಟ್ಟೋರನ್ನ ಖುಷಿಪಡಿಸೋಕೆ ಎಲ್ಲಾ ಕಡೆ ಹೀಗೇ ಮಾಡ್ತಾರಂತೆ. ಬೇಜಾರು ಮಾಡ್ಕೋಬೇಡ."

"ನಂಗೂ ಕಣ್ಣಿದೆ ರೀ," ಎಂದಳು ಅಮ್ಮ. "ಇಂಥೋರ ಕಂಪನಿ ಬೆಳೆಯೋದೇ ಹೀಗೆ."

ಸೆರಗು ಸರಿಪಡಿಸಿಕೊಂಡು, ಬೆಳ್ಳಿ ಲೋಟಕ್ಕೆ ಮುಚ್ಚಳ ಹಾಕಿ, ತಟ್ಟೆಯಲ್ಲಿಟ್ಟು, ಎರಡೂ ಕೈಯಿಂದ ಯಜಮಾನನ ಮುಂದೆ ಹಿಡಿದಳು. ಅವನು ನಗುತ್ತಾ ಮುಚ್ಚಳ ತೆಗೆದ. ಲೋಟ ಖಾಲಿಯಿತ್ತು.

"ಬ್ಯೂಟಿಫುಲ್ ಕಾಫಿ," ಎಂದಳು ಅಮ್ಮ.