ಲ್ಯಾಬ್ ಇದ್ದ ಮುತ್ತಾತ

‘ನಾಲ್ಕು ಜನರೆದುರು ನನಗೆ ಮಾತೇ ಬರುವುದಿಲ್ಲ’ ಎಂದು ಮಾರ್ಲೀನ್ ಬೆಳಿಗ್ಗೆಯಷ್ಟೇ ಡೈರಿಯಲ್ಲಿ ಬರೆದುಕೊಂಡಿದ್ದಳು. ಮೆಚ್ಚಿದ ಹುಡುಗನ ತಾಯಿಯೆದುರು ಕಾಫಿ ಹಿಡಿದು ನಿಂತಾಗ ಹಾಗೆಯೇ ಆಯಿತು.

“ಇಂಗ್ಲೆಂಡ್‌ನಲ್ಲಿ ನಮ್ಮ ಮುತ್ತಾತಂದು ಲ್ಯಾಬ್ ಇತ್ತು!” ಅವಳ ಚಿಕ್ಕಪ್ಪ ಎದೆಯುಬ್ಬಿಸಿದರು. “ಅಲ್ಲಿನ ಹಳ್ಳಿ ಚರ್ಚಿನ ಹಳೇ ದಾಖಲೆ ಜಾಲಾಡಿ ನಮ್ಮ ಹುಡುಗೀನೇ ಪತ್ತೆ ಮಾಡಿದ್ದು. ಹೆಸರಿನ ಮುಂದೆ ಕಸುಬು ‘ಲ್ಯಾಬ್’ ಅಂತಾನೇ ಇದೆ!”

ಇತಿಹಾಸದ ಪದವೀಧರೆ ಮಾರ್ಲೀನ್ ತಲೆ ತಗ್ಗಿಸಿದಳು. ಮುತ್ತಾತನನ್ನು ವಿಜ್ಞಾನಿ ಮಾಡಿದವಳು ಅವಳೇ. ಓದಿದ್ದು ತಪ್ಪೆಂದು ನಿನ್ನೆ ತಿಳಿದರೂ ತುಟಿ ಬಿಚ್ಚಿರಲಿಲ್ಲ.

ಹುಡುಗನ ತಾಯಿ ಲೋಟ ಕೆಳಗಿಟ್ಟು ಎದ್ದರು. “ನಮ್ಮೋರು ಗಣೀಲಿ ಕೂಲಿ ಮಾಡ್ದೋರು. ನಿಮ್ಮಂಥೋರಿಗೆ ನಾವು ಸಮ ಅಲ್ಲಪ್ಪ. ನಡಿಯೋ ಮಗ.”

ಹುಡುಗ ಚಪ್ಪಲಿ ಮೆಟ್ಟಿದ.

“ಆಂಟೀ, ಲ್ಯಾಬ್ ಅಂದ್ರೆ ಲೇಬರ್! ನಮ್ ಮುತ್ತಾತಾನೂ ಕೂಲೀನೇ!” ಮಾರ್ಲೀನ್ ಕೂಗಿದಳು.