ಮುಖ ತೋರಿಸಿ

ಅಪ್ಪನ ಹನ್ನೊಂದನೇ ದಿನದ ಕಾರ್ಯ ಮುಗಿದ ಮರುದಿನವೇ ಅವನು ಡೆಲಿವರಿ ಕೆಲಸಕ್ಕೆ ಹೊರಡುವ ಮುನ್ನ ಮನೆಯಲ್ಲೇ, ಆ್ಯಪ್ ಕೇಳಿದಂತೆ ಫೋನಿಗೆ ಮುಖ ತೋರಿಸಿದ. ಎರಡು ಸಲ ತೋರಿಸಿದರೂ ಗುರುತು ಸಿಗಲಿಲ್ಲ. ಸಾಕಾಗಿ ಸಹಾಯವಾಣಿಗೆ ಫೋನ್ ಮಾಡಿದ.

"ಅಪ್ಪ ತೀರ್ಕೊಂಡ್ರು ಮೇಡಂ. ತಲೆ, ಮೀಸೆ ಬೋಳಿಸಿದೀನಿ, ಅಷ್ಟೇ. ನಾನು ನಾನೇ."

"ಕೂದಲು ಬಂದ್ಮೇಲೆ ಟ್ರೈ ಮಾಡಿ ಸರ್. ಇನ್ನೊಂದ್ಸಲ ತಪ್ಪಿದ್ರೆ ನಿಮ್ಮ ಐಡಿ ಪೂರ್ತಿ ಬ್ಲಾಕ್ ಆಗುತ್ತೆ."

"ಅಲ್ಲೀವರೆಗೂ ತಲೆಗೆ ನೀರು ಹಾಕ್ಕೊಂಡು ಕೂತಿರ್ಲಾ?"

ಲೈನ್ ಕಟ್ಟಾಯಿತು.

ಹೊಸಿಲ ಮೇಲೆ ಕೂತಿದ್ದ ಅವ್ವ ನಿಟ್ಟುಸಿರಿಟ್ಟಳು. "ಮೀಸೆ ಹೋದ್ಮೇಲೆ ನಿನ್ ಮುಖದಾಗಿದ್ದ ನಿಮ್ಮಪ್ಪನ ಕಳೆನೂ ಹೋಯ್ತು ಕಣೋ."

ಅವನು ತಲೆಯೆತ್ತಿ ಗೋಡೆ ನೋಡಿದ. ಎದ್ದು ಹೋಗಿ, ಅಪ್ಪನ ಹರೆಯದ ಫೋಟೋದ ಹಾರ ಸರಿಸಿ, ಅದರ ಮುಂದೆ ಫೋನು ಹಿಡಿದ.

ಪರದೆ ಹಸಿರಾಯಿತು: "ಗುರುತು ಸಿಕ್ಕಿದೆ. ಸ್ವಾಗತ. ಬೇಗ ಹೊರಡಿ, ಆರ್ಡರ್ ಕಾಯುತ್ತಿದೆ."